ಅಡುಗೆ ಶುರು ಮಾಡಿದ ಮೇಲೆ ನಿಮ್ಮ ಬಗ್ಗೆ ನಿಮಗೇ ಏನು ಗೊತ್ತಾಯ್ತು? (ಜೊತೆಗೆ ನನ್ನ ಅಕ್ಕಿ ರೊಟ್ಟಿ ಊದ್ತಿಲ್ಲ, ಅದಕ್ಕೂ ಏನಾದ್ರೂ ಹೇಳಿ)

ಒಲೆಮುಂದೆ · ಜುಲೈ 14, ಸಂಜೆ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಹತ್ರದವನು, ವಯಸ್ಸು 33, ಇಷ್ಟು ದಿನ ಬೆಂಗಳೂರಲ್ಲಿದ್ದೆ, ಈಗ ಊರಿಂದಲೇ ಕೆಲಸ. ಮೈಸೂರಲ್ಲಿ ಅಕ್ಕಂಗೆ ಹೆರಿಗೆ ಆಯ್ತು, ಈ ಮಳೇಲಿ ಹಸುಗೂಸು ಕರ್ಕೊಂಡು ಇಲ್ಲಿಗೆ ಬಂದ್ರೆ ಅದರ ಬಟ್ಟೆ ಒಣಗ್ಸೋಕೇ ಒಬ್ಬರು ಬೇಕು ಅಂತ ಅಮ್ಮನೇ ಬಾಣಂತನಕ್ಕೆ ಅಲ್ಲಿಗೆ ಹೋದ್ರು, ಮೂರು ತಿಂಗಳು. ಮನೇಲಿ ಈಗ ನಾನು, ಅಪ್ಪ, ನಾಯಿ. ಅಪ್ಪ ನೀರು ಕುಡಿಯೋಕೆ ಬಿಟ್ರೆ ಅಡುಗೆಮನೆಗೆ ಕಾಲಿಟ್ಟಿದ್ದು ನಾನಂತೂ ನೋಡಿಲ್ಲ, ಹಾಗಾಗಿ ಸೌಟು ನನ್ನ ಕೈಗೆ ಬಂತು.

ವಿಷಯ ಏನಂದ್ರೆ, ನಾನು ಬಹಳ ತಾಳ್ಮೆ ಇರೋ ಮನುಷ್ಯ ಅಂತ ಅನ್ಕೊಂಡಿದ್ದೆ. ಆಫೀಸಲ್ಲೂ ಹಾಗೇ ಹೆಸರಿದೆ, ಯಾರಿಗಾದ್ರೂ ತಲೆ ಕೆಟ್ಟ ಕಸ್ಟಮರ್ ಸಿಕ್ಕಿದ್ರೆ ನನಗೆ ದಾಟಿಸ್ತಾರೆ. ನಿನ್ನೆ ಕಡಂಬುಟ್ಟು, ಅಂದ್ರೆ ನಮ್ಮ ಕಡೆಯ ಅಕ್ಕಿ ತರಿ ಉಂಡೆ, ಹಬೆಗಿಟ್ಟು ಲೆಕ್ಕ ಹಾಕಿದೆ, ಇಪ್ಪತ್ತು ನಿಮಿಷದಲ್ಲಿ ಒಂಬತ್ತು ಸಲ ಮುಚ್ಚಳ ತೆಗ್ದಿದೀನಿ. ಎಂತಕ್ಕೆ ಅಂತ ಕೇಳಿದ್ರೆ ಉತ್ತರ ಇಲ್ಲ, ಒಳಗಡೆ ಅವು ಇದಾವಾ ಇಲ್ವಾ ಅಂತ ನೋಡೋ ಥರ. ಅನ್ನ ಬೇಯ್ತಿದ್ರೆ ಕೆದಕ್ತೀನಿ, ಈರುಳ್ಳಿ ಕೆಂಪಾಗೋಕೆ ಬಿಡಲ್ಲ, ರೊಟ್ಟಿ ಹೆಂಚಿಗೆ ಹಾಕಿ ಎರಡು ಸೆಕೆಂಡಿಗೊಂದ್ಸಲ ತಿರುಗಿಸ್ತೀನಿ. ಯಾವ್ದನ್ನೂ ಅದರ ಪಾಡಿಗೆ ಬಿಡೋಕೆ ಬರದ ಮನುಷ್ಯ ಅಂತ 33ನೇ ವಯಸ್ಸಲ್ಲಿ ಗೊತ್ತಾಯ್ತು.

ನಿಮಗೂ ಹಿಂಗೇನಾದ್ರೂ ಆಗಿದ್ಯಾ? ಮತ್ತೆ ರೊಟ್ಟಿ. ಅಮ್ಮ ಮಾಡಿದ್ರೆ ಚೆಂಡಿನ ಹಾಗೆ ಊದುತ್ತೆ. ನಂದು ಇವತ್ತಿಗೆ ಹದಿನಾಲ್ಕು ದಿನ ಆಯ್ತು, ಒಂದೂ ಊದಿಲ್ಲ. ಅಪ್ಪ ಪೇಪರಿಂದ ತಲೆನೂ ಎತ್ತದೆ "ಹಪ್ಪಳ ಚೆನ್ನಾಗಿದೆ, ಸಾರೆಲ್ಲಿ" ಅಂದ್ರು.

ಗೋಣಿಕೊಪ್ಪ ಅಕ್ಕ · ಜುಲೈ 14, ರಾತ್ರಿ

ನಿಮ್ಮಪ್ಪ ಹೇಳಿದ್ದು ಓದಿ ಇಲ್ಲಿ ನಾನು ಒಬ್ಬಳೇ ನಗ್ತಾ ಇದೀನಿ.

ರೊಟ್ಟಿಗೆ ಅನ್ನ ಎಷ್ಟು ಹಾಕ್ತೀಯ ಹೇಳು ಮೊದಲು. ಅನ್ನ ಬೆಣ್ಣೆ ಹಾಗೆ ನುಣ್ಣಗೆ ನಾದಿರ್ಬೇಕು, ಒಂದು ಅಗಳೂ ಕೈಗೆ ಸಿಗಬಾರ್ದು, ಆಮೇಲೆ ಅಕ್ಕಿ ಹಿಟ್ಟು. ಅಗಳು ಉಳಿದ್ರೆ ಆ ಜಾಗದಲ್ಲಿ ತೂತಾಗುತ್ತೆ, ಗಾಳಿ ಅಲ್ಲಿಂದ ಹೋಗುತ್ತೆ, ನಿನ್ನ ರೊಟ್ಟಿ ಹಪ್ಪಳ ಆಗುತ್ತೆ. ಅನ್ನ ಬಿಸಿ ಇರುವಾಗಲೇ ನಾದು, ಫ್ರಿಜ್ಜಿಂದ ತೆಗೆದಿದ್ದು ಬೇಡ.

ನನ್ನ ಬಗ್ಗೆ ಗೊತ್ತಾಗಿದ್ದು ನಾಳೆ ಹೇಳ್ತೀನಿ, ಈಗ ಕರೆಂಟ್ ಇಲ್ಲ ಫೋನಲ್ಲಿ 9 ಪರ್ಸೆಂಟ್ ಇದೆ.

ಅರ್ಧಚಮಚ · ಜುಲೈ 14, ರಾತ್ರಿ

ಕುಶಾಲನಗರದಿಂದ. ಅಕ್ಕ ಹೇಳಿದ್ದು ಸರಿ, ಅದರ ಹಿಂದೆ ಕಾರಣನೂ ಇದೆ. ಗೋಧಿಯಲ್ಲಿ ಗ್ಲುಟನ್ ಅಂತ ಇರುತ್ತೆ, ಅದು ಹಿಟ್ಟನ್ನ ಹಿಡ್ಕೊಳ್ಳುತ್ತೆ. ಅಕ್ಕಿಯಲ್ಲಿ ಅದು ಇಲ್ಲ. ಬೆಂದ ಅನ್ನದ ಪಿಷ್ಟ ನೀರು ಕುಡಿದು ಅಂಟಾಗಿರುತ್ತಲ್ಲ, ಆ ಕೆಲಸ ಅದು ಮಾಡುತ್ತೆ. ಹೆಂಚಿನ ಮೇಲೆ ಎರಡೂ ಕಡೆ ತೆಳ್ಳಗೆ ಒಂದು ಪೊರೆ ಕಟ್ಟಿದ ಮೇಲೆ ಉರಿಗೆ ಹಿಡಿದ್ರೆ ಒಳಗಿನ ನೀರು ಆವಿ ಆಗಿ ಎರಡು ಪೊರೆ ಮಧ್ಯೆ ಸಿಕ್ಕಿಹಾಕ್ಕೊಳ್ಳುತ್ತೆ. ನೀವು ಎರಡು ಸೆಕೆಂಡಿಗೊಂದ್ಸಲ ತಿರುಗಿಸಿದ್ರೆ ಪೊರೆ ಯಾವಾಗ ಕಟ್ಟಬೇಕು?

ನನಗೆ ನನ್ನ ಬಗ್ಗೆ ಗೊತ್ತಾಗಿದ್ದು ನನ್ನ ಹೆಸರಲ್ಲೇ ಇದೆ. ಎಲ್ಲವನ್ನೂ ಅಳೀತೀನಿ. ಕಡಂಬುಟ್ಟಿಗೆ ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು, ಅದೂ ಒಂದೇ ಲೋಟದಲ್ಲಿ, ಸ್ಟೀಲ್ ಲೋಟ, ನೀಲಿ ಗೆರೆ ಇರೋದು. ಹೋದ ತಿಂಗಳು ಆ ಲೋಟ ಕಾಣಿಸ್ಲಿಲ್ಲ. ಸಂಜೆ ತನಕ ಅಡುಗೆ ಮಾಡ್ಲಿಲ್ಲ ನಾನು. ಹೋಟ್ಲಿಂದ ತರಿಸಿ ತಿಂದ್ವಿ. ಮಗ ಹೇಳಿದ, ಅಮ್ಮ ಬೇರೆ ಲೋಟದಲ್ಲಿ ಒಂದು, ಅದರಲ್ಲೇ ಎರಡು ಹಾಕಿದ್ರೂ ಲೆಕ್ಕ ಅದೇ ಅಲ್ವಾ ಅಂತ. ಗಣಿತ ಟೀಚರ್ ಮಗ ಗಣಿತ ಟೀಚರಿಗೆ ಹೇಳಿದ್ದು ಇದು.

ಕಾಫಿಪುಡಿ · ಜುಲೈ 15, ಬೆಳಿಗ್ಗೆ

ಹಹಹ ಟೀಚರ್ 😂

ಸುಂಟಿಕೊಪ್ಪದಿಂದ ನನ್ನ ತಪ್ಪೊಪ್ಪಿಗೆ. ಈ ಮಳೆಗಾಲದಲ್ಲಿ ದೋಸೆ ಹಿಟ್ಟು ಉಬ್ಬೋದು ಅಂದ್ರೆ ದೊಡ್ಡ ಕಥೆ ಅಂತ ಎಲ್ರಿಗೂ ಗೊತ್ತು. ರಾತ್ರಿ ರುಬ್ಬಿಟ್ರೆ ಬೆಳಿಗ್ಗೆ ಹೇಗಿಟ್ಟಿದ್ನೋ ಹಾಗೇ, ಎರಡನೇ ರಾತ್ರಿನೂ ಹಾಗೇ, ಮೂರನೇ ದಿನಕ್ಕೆ ಹುಳಿ ಬರುತ್ತೆ ಉಬ್ಬು ಮಾತ್ರ ಬರಲ್ಲ. ಮೊದಲು ಒಲೆ ಪಕ್ಕ ಇಟ್ಟೆ. ಆಮೇಲೆ ಅಕ್ಕಿ ಡ್ರಮ್ಮಲ್ಲಿ ಹುಗಿದಿಟ್ಟೆ. ಈಗ ತಾತನ ಕಂಬಳಿ ಸುತ್ತಿ ಬಿಸಿನೀರಿನ ಬಾಟ್ಲಿ ಪಕ್ಕದಲ್ಲಿಟ್ಟು ನನ್ನ ರೂಮಲ್ಲೇ ಮಲಗಿಸ್ತೀನಿ. ಮೊನ್ನೆ ಲೈಟ್ ಆಫ್ ಮಾಡುವಾಗ ನಾನು ಅದಕ್ಕೆ "ಉಬ್ಬು ಆಯ್ತಾ, ಬೆಳಿಗ್ಗೆ ನೋಡುವ" ಅಂದೆ. ಜೋರಾಗಿ. ನನ್ನ ಹೆಂಡತಿ ಕೇಳಿಸ್ಕೊಂಡ್ಳು. ಮದ್ವೆ ಆಗಿ ಆರು ವರ್ಷದಲ್ಲಿ ನನಗೆ ಒಂದು ದಿನ ಹಿಂಗೆ ಗುಡ್‌ನೈಟ್ ಹೇಳಿಲ್ಲ ನೀವು ಅಂದ್ಳು.

ಹಿಟ್ಟು ಉಬ್ಬಿತ್ತು, ಆದ್ರೆ ದೋಸೆ ಹುಯ್ಯೋರು ಇರ್ಲಿಲ್ಲ ಅವತ್ತು, ನಾನೇ ಹುಯ್ದೆ.

ಅರ್ಧಚಮಚ · ಜುಲೈ 15, ಬೆಳಿಗ್ಗೆ

ಕಾಫಿಪುಡಿಯವರೇ, ಆ ಹಿಟ್ಟಿನ ಜೀವಾಣುಗಳಿಗೆ ಮೂವತ್ತು ಡಿಗ್ರಿ ಹತ್ರ ಇದ್ರೆ ಖುಷಿ, ಜುಲೈಯಲ್ಲಿ ನಮ್ಮ ಕಡೆ ರಾತ್ರಿ ಇಪ್ಪತ್ತೂ ಇರಲ್ಲ. ಕಂಬಳಿ ಬಿಸಿ ಕೊಡಲ್ಲ, ಇರೋ ಬಿಸಿ ಹೊರಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೇ, ಕೆಲಸ ಮಾಡಿದ್ದು ನಿಮ್ಮ ಬಾಟ್ಲಿ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಹಾಕಿ, ರುಬ್ಬೋಕೆ ಬೆಚ್ಚಗಿನ ನೀರು ಹಾಕಿ.

ಹೆಂಡತಿಗೂ ಗುಡ್‌ನೈಟ್ ಹೇಳಿ.

ಮುದ್ದೆಸೊಸೆ · ಜುಲೈ 15, ಮಧ್ಯಾಹ್ನ

ನಂದೂ ಇರ್ಲಿ. ಮಂಡ್ಯ ಕಡೆಯವ್ಳು, ಮದ್ವೆ ಆಗಿ ವಿರಾಜಪೇಟೆಗೆ ಬಂದು ಎಂಟು ವರ್ಷ.

ಬಂದ ಹೊಸದ್ರಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತು, ಸೆಪ್ಟೆಂಬರ್ ಮೊದಲ ವಾರ, ಮನೆ ತುಂಬ ನೆಂಟ್ರು, ಪಂದಿ ಕರಿ ಒಂದು ಕಡೆ ಬೇಯ್ತಿದೆ, ಅತ್ತೆ ನನ್ನ ಕರೆದು ಕಡಂಬುಟ್ಟು ಉಂಡೆ ಕಟ್ಟು ಅಂದ್ರು. ನಾನು ಒಳಗೊಳಗೇ, ಅಯ್ಯೋ ಇದಾ, ಮುದ್ದೆ ಕಟ್ಟೋ ಕೈಗೆ ಇದ್ಯಾವ ಮಹಾ ಅಂತ ಕೈ ಒದ್ದೆ ಮಾಡ್ಕೊಂಡು ಬಿಸಿ ಬಿಸಿದ್ರಲ್ಲೇ ಪಟಪಟ ಅಂತ ಕಟ್ಟಿ ಇಟ್ಟುಬಿಟ್ಟೆ. ಎಲ್ರೂ ಒಂದು ಕ್ಷಣ ಸುಮ್ನಾದ್ರು. ಅವರ ಮನೇಲಿ ಕಡಂಬುಟ್ಟು ಅಂದ್ರೆ ನಿಂಬೆಹಣ್ಣಿನಷ್ಟು, ನಂದು ಒಂದೊಂದೂ ಮುದ್ದೆ ಸೈಜು. ಇಡ್ಲಿ ಪಾತ್ರೆಗೆ ಎಂಟೇ ಹಿಡಿಸಿದ್ವು. ಮಾವ ಎರಡು ತಿಂದು ಮಧ್ಯಾಹ್ನದಿಂದ ಸಂಜೆ ಐದರ ತನಕ ಎದ್ದಿಲ್ಲ.

ಈಗ ಸೈಜು ಸರಿ ಆಗಿದೆ. ಆದ್ರೆ ನನ್ನ ಬಗ್ಗೆ ಗೊತ್ತಾಗಿದ್ದು ಅದಲ್ಲ. ಹೋದ ವಾರ ಗಂಡ ಊಟ ಮಾಡ್ತಾ ಮಾಡ್ತಾ ನನ್ನೇ ನೋಡ್ತಿದ್ರು, ಏನು ಅಂದೆ, ನೀನು ಕಡಂಬುಟ್ಟು ಅಗಿಯಲ್ವಾ ಅಂದ್ರು. ನೋಡ್ಕೊಂಡೆ. ಅಗಿಯಲ್ಲ ಕಣ್ರೀ ನಾನು! ಮುರಿದು ಸಾರಲ್ಲಿ ಹೊರಳಿಸಿ ನುಂಗ್ತಿದೀನಿ, ಎಂಟು ವರ್ಷದಿಂದ. ನಮ್ಮೂರಲ್ಲಿ ಮುದ್ದೆ ಅಗಿದ್ರೆ ನಗ್ತಾರೆ. ನಾನು ಪೂರ್ತಿ ಈ ಕಡೆಯವಳಾಗಿದೀನಿ, ಮಾತು ಬಂತು, ಸೀರೆ ಉಡೋದು ಬಂತು ಅಂತೆಲ್ಲ ಅನ್ಕೊಂಡಿದ್ದೆ, ಗಂಟಲು ಮಾತ್ರ ಇನ್ನೂ ಮಂಡ್ಯದಲ್ಲೇ ಇದೆ.

ಗೋಣಿಕೊಪ್ಪ ಅಕ್ಕ · ಜುಲೈ 15, ಸಂಜೆ

ಗಂಟಲು ಮಂಡ್ಯದಲ್ಲೇ ಇದೆ 😂😂 ಇವತ್ತಿಗೆ ಇದು ಸಾಕು ನನಗೆ.

ಕರೆಂಟ್ ಬಂತು, ನಂದು ಹೇಳ್ತೀನಿ. ನಾನು ಹೆದ್ರುಪುಕ್ಲಿ. ಈಗ ಕಣಿಲೆ ಸೀಸನ್ ಅಲ್ವಾ, ಪಕ್ಕದ ಮನೆಯವ್ರು ತಂದುಕೊಟ್ರು, ಕೊಡವರು ಬೈಂಬಳೆ ಅಂತಾರೆ. ನಮ್ಮಮ್ಮ ಹೇಳಿಕೊಟ್ಟಿದ್ದು ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಹಾಕಿ ದಿನಾ ನೀರು ಬದಲಾಯ್ಸು ಅಂತ. ನಾನು ದಿನಕ್ಕೊಂದ್ಸಲ ಅಲ್ಲ, ಹೋಗ್ತಾ ಬರ್ತಾ ನೀರು ಚೆಲ್ಲೋದು ಹೊಸ ನೀರು ಹಾಕೋದು. ಐದು ದಿನ. ಆಮೇಲೆ ಎರಡು ಸಲ ಬೇಯಿಸಿ ನೀರು ಬಸಿದೆ. ಕೊನೆಗೆ ಕರಿ ಮಾಡಿ ಬಡಿಸಿದ್ರೆ ನನ್ನ ಗಂಡ ತಿಂದು, ಮಸಾಲೆ ಚೆನ್ನಾಗಿದೆ, ಒಳಗಡೆ ಇರೋದು ಏನು ಅಂದ್ರು. ಬಿದಿರು ಅಂದೆ. ಇರಬಹುದು ಅಂದ್ರು.

ಹಂಗೇ ಯೋಚನೆ ಮಾಡಿದ್ರೆ ನಾನು ಗ್ಯಾಸ್ ಆಫ್ ಮಾಡಿದ್ನಾ ಅಂತ ಮೂರು ಸಲ ನೋಡ್ತೀನಿ, ಗೇಟಿನ ಬೀಗ ಎಳೆದು ನೋಡ್ತೀನಿ, ಮಗಳು ಬಸ್ ಹತ್ತಿದ್ಲಾ ಅಂತ ಕಂಡಕ್ಟರಿಗೇ ಫೋನ್ ಮಾಡಿದೀನಿ ಒಂದ್ಸಲ. ಕಣಿಲೆ ನೀರು ಚೆಲ್ಲುವಾಗ ಇದೆಲ್ಲ ಒಟ್ಟಿಗೆ ತಲೆಗೆ ಬಂತು.

ಅರ್ಧಚಮಚ · ಜುಲೈ 15, ಸಂಜೆ

ಹೆದರಿಕೆಗೆ ಕಾರಣ ಇಲ್ದೆ ಇಲ್ಲ ಅಕ್ಕ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡೋ ಒಂದು ಪದಾರ್ಥ ಇರುತ್ತೆ, ಹೆಚ್ಚಿ ನೆನೆಸಿ ಚೆನ್ನಾಗಿ ಕುದಿಸಿ ಆ ನೀರು ಚೆಲ್ಲಿದ್ರೆ ಹೋಗುತ್ತೆ. ನಿಮ್ಮಮ್ಮ ಹೇಳಿದ್ದೇ ಸರಿ. ಐದು ದಿನ ಬೇಡ.

ನಿವೃತ್ತ ಸುಬೇದಾರ್ · ಜುಲೈ 16, ಬೆಳಿಗ್ಗೆ

ಎಲ್ಲವನ್ನೂ ಓದಿದೆ. ನಾನು ಪೊನ್ನಂಪೇಟೆ ಕಡೆಯವನು. ವಯಸ್ಸು 68. ಸೈನ್ಯದಲ್ಲಿ 26 ವರ್ಷ. ಮನೆಯವಳಿಗೆ ಮಂಡಿ ಆಪರೇಷನ್ ಆದ ಮೇಲೆ ಅಡುಗೆ ಚಾರ್ಜ್ ನಾನು ತೆಗೆದುಕೊಂಡಿದ್ದೇನೆ. ಬೆಳಿಗ್ಗೆ ಐದೂವರೆಗೆ ಕಾಫಿ. ಏಳಕ್ಕೆ ತಿಂಡಿ. ಒಂದು ನಿಮಿಷ ಆಚೀಚೆ ಇಲ್ಲ.

ಕೆಸುವಿನ ಕರಿ ಮಾಡಿದ್ದೆ. ಹುಳಿ ಹಾಕುವುದಕ್ಕೆ ಮರೆತೆ. ತಿನ್ನಲು ಕುಳಿತೆವು. ಎರಡನೇ ತುತ್ತಿಗೆ ಗಂಟಲು ತುರಿಸಲು ಶುರುವಾಯಿತು. ನಾನು ಹೇಳಲಿಲ್ಲ. ಮನೆಯವಳನ್ನು ನೋಡಿದೆ, ಅವಳು ಸುಮ್ಮನೆ ಉಣ್ಣುತ್ತಿದ್ದಳು. ಹಾಗಾದರೆ ಸರಿ ಇದೆ, ನನಗೇ ಏನೋ ಆಗಿದೆ ಎಂದು ಪೂರ್ತಿ ಬಟ್ಟಲು ಮುಗಿಸಿದೆ. ರಾತ್ರಿ ಹನ್ನೊಂದು ಗಂಟೆಗೆ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಅವಳು ಕತ್ತಲಲ್ಲಿ ನಿಂತು ಮಜ್ಜಿಗೆ ಕುಡಿಯುತ್ತಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ತುರಿಸುತ್ತಿದೆಯಾ ಎಂದೆ. ನಿಮಗೆ ಬೇಜಾರಾಗುತ್ತದೆ ಎಂದು ಹೇಳಲಿಲ್ಲ ಎಂದಳು.

ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ ಎಂದು ಮಕ್ಕಳು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಕೆಸು ಒಂದು ರಾತ್ರಿಯಲ್ಲಿ ಹೇಳಿತು.

ಒಲೆಮುಂದೆ ಅವರಿಗೆ: ರೊಟ್ಟಿ ವಿಷಯ ನಿಮ್ಮ ತಂದೆಯವರನ್ನು ಒಮ್ಮೆ ಕೇಳಿ ನೋಡಿ. ಹಪ್ಪಳ ಎಂದು ಗುರುತಿಸುವವರಿಗೆ ರೊಟ್ಟಿ ಗೊತ್ತಿರುತ್ತದೆ.

ಒಲೆಮುಂದೆ · ಜುಲೈ 16, ಮಧ್ಯಾಹ್ನ

ಸುಬೇದಾರ್ ಸರ್, ಅಪ್ಪಂಗೆ ಗ್ಯಾಸ್ ಹಚ್ಚೋಕೆ ಬರುತ್ತೋ ಇಲ್ವೋ ಅನ್ನೋದೇ ನನಗೆ ಡೌಟು ಸರ್. ಪೇಪರ್ ಹಿಂದಿಂದ "ಉರಿ ಜಾಸ್ತಿ" ಅಂತ ಒಂದು ಮಾತು ಬರುತ್ತೆ, ದಿನಾ, ಉರಿ ಎಷ್ಟಿದ್ರೂ ಬರುತ್ತೆ ಅದು.

ಇವತ್ತಿನ ವರದಿ: ಅಕ್ಕ ಹೇಳಿದ ಹಾಗೆ ಅನ್ನ ನುಣ್ಣಗೆ ನಾದಿದೆ. ಟೀಚರ್ ಹೇಳಿದ ಹಾಗೆ ತಿರುಗಿಸಲ್ಲ ಅಂತ ಕೈ ಹಿಂದೆ ಕಟ್ಕೊಂಡು ನಿಂತೆ, ನಿಜವಾಗ್ಲೂ. ಎಷ್ಟು ಹೊತ್ತು ಅಂದ್ರೆ ಒಂದು ಕಡೆ ಕಪ್ಪಾಯ್ತು. ನಾಯಿಗೆ ಹಾಕಿದೆ, ಅದು ಮೂಸಿ ನೋಡಿ ಹೋಗಿ ಮಲ್ಕೊಂತು.

ನೈಟ್‌ಡ್ಯೂಟಿ · ಜುಲೈ 17, ನಸುಕು

ನಮಸ್ಕಾರ್ರೀ. ನಾ ಗದಗ ಕಡೆಯವ, ಮಡಿಕೇರ್ಯಾಗ ನರ್ಸ್ ಕೆಲಸಕ್ಕ ಬಂದು ಎಂಟು ತಿಂಗಳಾತು. ರೂಮಿನ್ಯಾಗ ಒಂದು ಕುಕ್ಕರ್, ಒಂದು ಹಂಚು, ಅಷ್ಟ.

ಮೊದ್ಲ ಜೋಳದ ರೊಟ್ಟಿ ಬಡ್ಯಾಕ ಹೋದೆ. ಇಲ್ಲಿ ಜೋಳದ ಹಿಟ್ಟು ಹುಡುಕೋದ ಒಂದು ಕೆಲಸ, ಶುಕ್ರವಾರ ಸಂತಿಗೆ ಹೋಗಿ ಕೇಳಿದ್ರ ಮೆಕ್ಕೆಜೋಳನಾ ಅಂತಾರ. ಊರಿಂದ ತರಿಸಿದೆ. ಕೆಳಗಿನ ಮನಿ ಅಜ್ಜಿ ಮ್ಯಾಲ ಬಂದ್ರು, ಮಗಾ ಏನೋ ರಿಪೇರಿ ಮಾಡಾಕತ್ತೀಯಾ ಅಂತ. ರೊಟ್ಟಿ ಬಡ್ಯಾಕತ್ತೇನಿ ಅಜ್ಜಿ ಅಂದೆ. ಒಂದು ಕೊಟ್ಟೆ. ಎಳ್ಳಿನ ಚಟ್ನಿ ಜೋಡಿ ತಿಂದ್ರು, ಅವ್ರೂ ಅಕ್ಕಿ ರೊಟ್ಟಿಗೆ ಎಳ್ಳಿನ ಪಜ್ಜಿ ಅಂತ ಮಾಡ್ತಾರಂತ. ಅವತ್ತಿಂದ ವಾರಕ್ಕ ಎರಡು ದಿನ ಅವ್ರದು ಅಕ್ಕಿ ರೊಟ್ಟಿ ಮ್ಯಾಲ ಬರ್ತೈತಿ, ನಂದು ಜೋಳದ ರೊಟ್ಟಿ ಕೆಳಗ ಹೋಗ್ತೈತಿ.

ನನ್ನ ಬಗ್ಗೆ ಗೊತ್ತಾಗಿದ್ದು ಏನಂದ್ರ, ನಾ ಒಬ್ನ ಇರಾಕ ಇಷ್ಟಪಡ್ತೀನಿ ಅನ್ಕೊಂಡಿದ್ದೆ. ಅಜ್ಜಿ ಮೂರು ದಿನ ಮಗಳ ಮನಿಗೆ ಹೋದ್ರು, ನಾ ರೊಟ್ಟಿ ಬಡೀಲೇ ಇಲ್ಲ.

ಕಾಫಿಪುಡಿ · ಜುಲೈ 17, ಬೆಳಿಗ್ಗೆ

ಇಷ್ಟು ಹೊತ್ತು ನಗಿಸಿ ಇದೇನ್ರೀ ಬೆಳಿಗ್ಗೆ ಬೆಳಿಗ್ಗೆ.

ಅಂದಹಾಗೆ ಗದಗಿನವರೇ, ಕಕ್ಕಡ ಹದಿನೆಂಟು ಬರ್ತಾ ಇದೆ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ. ಅಜ್ಜಿ ಮದ್ದು ಪಾಯಸ ಕೊಡ್ತಾರೆ ನೋಡಿ.

ಮುದ್ದೆಸೊಸೆ · ಜುಲೈ 17, ಬೆಳಿಗ್ಗೆ

ಒಂದು ವಿಷಯ ಕೇಳ್ಬೇಕು, ಪಂದಿ ಕರಿಗೆ ಕಾಚಂಪುಳಿ ಬದಲು ಹುಣಸೆಹಣ್ಣು ಹಾಕಿದ್ರೆ ಏನಾಗುತ್ತೆ? ಮನೇಲಿ ಬಾಟ್ಲಿ ಖಾಲಿ ಆಗಿದೆ, ಅತ್ತೆ ಸಂಜೆ ಬರ್ತಾರೆ. ಬೇಗ ಹೇಳಿ.

ಗೋಣಿಕೊಪ್ಪ ಅಕ್ಕ · ಜುಲೈ 17, ಬೆಳಿಗ್ಗೆ

ಬೇಡ!!! ಪಕ್ಕದ ಮನೇಲಿ ಕೇಳು. ಒಂದು ಕೆಜಿಗೆ ಒಂದೆರಡು ಚಮಚ ಸಾಕು, ಯಾರಾದ್ರೂ ಕೊಡ್ತಾರೆ.

ಕಾಫಿಪುಡಿ · ಜುಲೈ 17, ಬೆಳಿಗ್ಗೆ

ಏನೂ ಆಗಲ್ಲ ತಿನ್ನಬಹುದು, ಪಂದಿ ಕರಿ ಆಗಲ್ಲ ಅಷ್ಟೇ, ಪಂದಿ ಸಾರು ಆಗುತ್ತೆ. ಆ ಕಪ್ಪು ಬಣ್ಣ ಅರ್ಧ ಬರೋದು ಕೊತ್ತಂಬರಿ ಜೀರಿಗೆ ಮೆಣಸು ಎಲ್ಲ ಕರ್ರಗಾಗೋ ತನಕ ಹುರೀತಾರಲ್ಲ ಅದರಿಂದ, ಇನ್ನರ್ಧ ಕಾಚಂಪುಳಿಯಿಂದ. ಕಾಚಂಪುಳಿ ಅಂದ್ರೆ ಒಂಥರಾ ಹುಳಿ ಹಣ್ಣಿನ ರಸ, ಆ ಹಣ್ಣನ್ನ ಬುಟ್ಟೀಲಿ ಪೇರಿಸಿಟ್ಟು ಕೆಳಗೆ ಪಾತ್ರೆ ಇಟ್ರೆ ರಸ ತೊಟ್ಟಿಕ್ಕುತ್ತೆ, ಅದನ್ನ ಕುದಿಸಿ ಕುದಿಸಿ ಜೇನಿನ ಹಾಗೆ ದಪ್ಪ ಮಾಡೋದು. ನಾನು ಹೋದ ವರ್ಷ ಮನೇಲಿ ಕುದಿಸಿದೆ. ದೊಡ್ಡ ಪಾತ್ರೆ ತುಂಬ ರಸ, ಒಂದು ದಿನ ಪೂರ್ತಿ ಒಲೆ ಮುಂದೆ, ಕೊನೆಗೆ ಸಿಕ್ಕಿದ್ದು ಒಂದು ಬಾಟ್ಲಿ. ಅವತ್ತಿಂದ ನನಗೆ ಗೊತ್ತಾಗಿದ್ದು ನಾನು ಜಿಪುಣ ಅಂತ. ಯಾರಾದ್ರೂ ಕಾಚಂಪುಳಿ ಇದ್ಯಾ ಅಂದ್ರೆ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಅಂತೀನಿ. ತಂಗಿಗೂ ಇಲ್ಲ ಅಂದಿದೀನಿ.

ಮುದ್ದೆಸೊಸೆ · ಜುಲೈ 17, ಬೆಳಿಗ್ಗೆ

ನಿಮ್ಮ ಅಡ್ರೆಸ್ ಕೊಡಿ.

ಕಾಫಿಪುಡಿ · ಜುಲೈ 17, ಬೆಳಿಗ್ಗೆ

ಇಲ್ಲ.

ಒಲೆಮುಂದೆ · ಜುಲೈ 25, ರಾತ್ರಿ

ವಾರದಿಂದ ನೆಟ್ವರ್ಕ್ ಇರ್ಲಿಲ್ಲ, ಲೈನ್ ಮೇಲೆ ಮರ ಬಿದ್ದು ಕರೆಂಟ್ ನಾಲ್ಕು ದಿನ ಇಲ್ಲ, ಮಿಕ್ಸಿ ಇಲ್ಲ, ಒರಳಲ್ಲಿ ಚಟ್ನಿ ರುಬ್ಬಿದೆ ಅಂದ್ರೆ ನಂಬ್ತೀರಾ. ಒಣ ಸೌದೆ ಮುಗಿದು ಒದ್ದೆ ಸೌದೆ ಊದಿ ಊದಿ ಕಣ್ಣೆಲ್ಲ ಕೆಂಪು.

ರೊಟ್ಟಿ ಇನ್ನೂ ಊದಿಲ್ಲ. ಆದ್ರೆ ಒಂದು ಬೆಳವಣಿಗೆ. ಕಡಂಬುಟ್ಟು ಮುಚ್ಚಳ ತೆಗೆಯೋ ಲೆಕ್ಕ ಒಂಬತ್ತರಿಂದ ನಾಲ್ಕಕ್ಕೆ ಬಂದಿದೆ. ಹೇಗೆ ಅಂದ್ರೆ ಪಾತ್ರೆ ಇಟ್ಟು ನಾನು ಹೊರಗಡೆ ಜಗಲಿಗೆ ಹೋಗಿ ನಿಲ್ತೀನಿ. ಮುಂಚೆ ಮಳೆ ಅಂದ್ರೆ ಕಿಟಕಿ ಹಾಕೋದು, ಇಂಬಳ ಹತ್ತುತ್ತೆ ಅಂತ ಕಾಲು ಮೇಲಿಟ್ಕೊಳ್ಳೋದು ಅಷ್ಟೇ ಇತ್ತು. ಈಗ ನಿಂತು ನೋಡ್ತೀನಿ, ಕಾಳುಮೆಣಸಿನ ಬಳ್ಳಿ ಮೇಲೆ ನೀರು ಇಳಿಯೋದು, ಎದುರು ಬೆಟ್ಟ ಒಂದ್ಸಲ ಇರೋದು ಒಂದ್ಸಲ ಇಲ್ದೇ ಇರೋದು. ಹತ್ತು ನಿಮಿಷ ಆಗುತ್ತೆ. ಒಳಗೆ ಬರ್ತೀನಿ, ಮುಚ್ಚಳ ತೆಗೀತೀನಿ. ಇನ್ನೂ ಹತ್ತು ನಿಮಿಷ ಇದೆ ಅಂತ ಗೊತ್ತಿದ್ರೂ.

ನೆಟ್ವರ್ಕ್ ಇದ್ರೆ ಅಮ್ಮ ದಿನಾ ಫೋನ್ ಮಾಡ್ತಾರೆ. ಅಪ್ಪ ತಿಂದ್ರಾ ಅಂತ ಕೇಳ್ತಾರೆ. ಅಪ್ಪಂಗೆ ಫೋನ್ ಕೊಟ್ರೆ "ಹೂಂ, ಪರವಾಗಿಲ್ಲ ಮಾಡ್ತಾನೆ" ಅಂತಾರೆ, ಆ ಪರವಾಗಿಲ್ಲ ಅನ್ನೋದನ್ನ ಹೇಗೆ ಹೇಳ್ತಾರೆ ಅಂದ್ರೆ ಮಾತಲ್ಲಿ ಹೊಗಳಿಕೆ, ಮುಖದಲ್ಲಿ ಕಂಪ್ಲೇಂಟು.

ನಿವೃತ್ತ ಸುಬೇದಾರ್ · ಜುಲೈ 26, ಬೆಳಿಗ್ಗೆ

ತಂದೆಯವರನ್ನು ಕೇಳಿದಿರಾ?

ಒಲೆಮುಂದೆ · ಜುಲೈ 26, ಬೆಳಿಗ್ಗೆ

ಇಲ್ಲ ಸರ್.

ನೈಟ್‌ಡ್ಯೂಟಿ · ಆಗಸ್ಟ್ 4, ಬೆಳಿಗ್ಗೆ

ಇಲ್ಲಿ ಇರೋರೆಲ್ಲಾ ಮೋಸಗಾರರ್ರೀ. ಒಬ್ರ ಆದ್ರೂ ಹೇಳಬೇಕೋ ಬ್ಯಾಡೋ.

ನಿನ್ನೆ ಅಜ್ಜಿ ಕರದ್ರು. ಮದ್ದು ಸೊಪ್ಪು ಕುದಿಸಿದ ನೀರು, ಏನ್ ಬಣ್ಣರೀ ಅದು, ನೇರಳೆಹಣ್ಣು ಹಿಂಡಿದಂಗ. ಅದ್ರಾಗ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಲು, ಮ್ಯಾಲ ತುಪ್ಪ. ವಾಸನಿನೂ ಛಲೋ. ಇವತ್ತು ಒಂದು ದಿನ ಆ ಸೊಪ್ಪಿನ್ಯಾಗ ಹದಿನೆಂಟು ಥರ ಔಷಧ ಸೇರಿರ್ತೈತಿ ಅಂತ ನಂಬಿಕಿ ಮಗಾ, ತಿನ್ನು ಅಂದ್ರು. ಎರಡು ಬಟ್ಟಲ ತಿಂದೆ. ಮೂರನೇದು ಡಬ್ಬಿಗೆ ಹಾಕಿ ಡ್ಯೂಟಿಗೆ ಕೊಟ್ಟು ಕಳಿಸಿದ್ರು, ಅದನ್ನೂ ರಾತ್ರಿ ತಿಂದೆ.

ನಸುಕಿನ್ಯಾಗ ನಾಲ್ಕಕ್ಕ ಬಾತ್‌ರೂಮಿಗೆ ಹೋದೆ. ಕೆಂಪು. ನೋಡಿ ನಿಂತಲ್ಲೇ ಕುಂತೆ. ಎಂಟು ವರ್ಷ ನರ್ಸ್ ಕೆಲಸ, ಎಷ್ಟು ಮಂದಿಗೆ ಧೈರ್ಯ ಹೇಳೇನಿ, ಏನಾಗಂಗಿಲ್ಲ ಗಾಬ್ರಿ ಆಗಬ್ಯಾಡ್ರಿ ಅಂತ. ನನಗ ಕಿಡ್ನಿ ಹೋತು ಅಂತ ನಾನ ಡಿಸೈಡ್ ಮಾಡಿ, ಅವ್ವಗ ಹೆಂಗ ಹೇಳೋದು ಅಂತ ಯೋಚನಿ ಮಾಡ್ಕೋತ, ನನ್ನ ಸ್ಯಾಂಪಲ್ ನಾನ ಲ್ಯಾಬಿಗೆ ಒಯ್ದೆ. ಲ್ಯಾಬಿನ್ಯಾಗ ಇರೋ ಹುಡುಗಿ ಇಲ್ಲಿಯವಳ. ಡಬ್ಬಿ ನೋಡಿದ್ಳು, ನನ್ನ ಮುಖ ನೋಡಿದ್ಳು, ಕ್ಯಾಲೆಂಡರ್ ನೋಡಿದ್ಳು. ಎಷ್ಟು ಬಟ್ಟಲು ತಿಂದ್ರಿ ಅಂತ ಕೇಳಿದ್ಳು.

ಈಗ ಇಡೀ ಡ್ಯೂಟಿ ರೂಮಿಗೆ ಗೊತ್ತಾಗೇತಿ. ನನ್ನ ಬಗ್ಗೆ ನನಗ ಗೊತ್ತಾಗಿದ್ದು ಇನ್ನೊಂದ್ಸಲ ಬಿಡಿಸಿ ಹೇಳಬೇಕಿಲ್ಲ ಅನ್ಕೋತೀನಿ.

ಕಾಫಿಪುಡಿ · ಆಗಸ್ಟ್ 4, ಬೆಳಿಗ್ಗೆ

ಕ್ಯಾಲೆಂಡರ್ ನೋಡಿದ್ಳು 😭😭😭

ಕ್ಷಮಿಸಿ ಮಾರಾಯ್ರೆ, ನಿಜವಾಗ್ಲೂ ಹೇಳೋಣ ಅಂತಿದ್ದೆ, ಆಮೇಲೆ ಹೇಳ್ಲಿಲ್ಲ.

ಗೋಣಿಕೊಪ್ಪ ಅಕ್ಕ · ಆಗಸ್ಟ್ 4, ಬೆಳಿಗ್ಗೆ

ಪಾಪ ಹುಡುಗ. ಸೊಪ್ಪಿನ ಬಣ್ಣ ಅದು, ಒಂದು ದಿನದಲ್ಲಿ ಹೋಗುತ್ತೆ, ಏನೂ ಆಗಲ್ಲ. ನಮ್ಮ ಮಕ್ಕಳಿಗೆ ಚಿಕ್ಕವರಿದ್ದಾಗ ಅದೇ ಒಂದು ಪಂದ್ಯ, ಯಾರದ್ದು ಜಾಸ್ತಿ ಕೆಂಪು ಅಂತ. ಮುಂದಿನ ವಾರ ಸಂತೆಗೆ ಬಂದ್ರೆ ಹೇಳು, ಕಾಚಂಪುಳಿ ಕೊಡ್ತೀನಿ. ನಾನು ಕೆಲವರ ಹಾಗಲ್ಲ.

ಅರ್ಧಚಮಚ · ಆಗಸ್ಟ್ 4, ಮಧ್ಯಾಹ್ನ

ಗಿಡದ ಶಾಸ್ತ್ರೀಯ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ನಾನು ಒಂದು ಲೋಟ ರಸಕ್ಕೆ ಎಷ್ಟು ಅಕ್ಕಿ ಅಂತ ಬರೆದಿಟ್ಟಿದೀನಿ, ಯಾರಿಗಾದ್ರೂ ಬೇಕಿದ್ರೆ ಕೇಳಿ. ಲೋಟ ಸಿಕ್ತು, ನಾಯಿಗೂಡಿನ ಹಿಂದೆ ಇತ್ತು.

ಒಲೆಮುಂದೆ · ಆಗಸ್ಟ್ 9, ರಾತ್ರಿ

ಸುಬೇದಾರ್ ಸರ್, ಇದು ನಿಮಗೆ.

ಬೆಳಿಗ್ಗೆ ರೊಟ್ಟಿ ಹೆಂಚಿಗೆ ಹಾಕಿದ್ದೆ. ಆಫೀಸಿಂದ ಫೋನ್ ಬಂತು, ನೆಟ್ವರ್ಕ್ ಸಿಗೋದು ಗೇಟ್ ಹತ್ರ ಮಾತ್ರ, ಅಪ್ಪ ಸ್ವಲ್ಪ ನೋಡ್ಕೊಳ್ಳಿ ಅಂತ ಕೂಗಿ ಓಡಿದೆ. ಮಾತು ಉದ್ದ ಆಯ್ತು, ಕಾಲು ಗಂಟೆ. ರೊಟ್ಟಿ ಸುಟ್ಟು ಮನೆ ತುಂಬ ಹೊಗೆ ಆಗಿರುತ್ತೆ ಅಂತ ವಾಪಸ್ ಓಡಿ ಬಂದ್ರೆ ಹೊಗೆ ಇಲ್ಲ. ಅಡುಗೆಮನೆ ಬಾಗ್ಲಲ್ಲಿ ನಿಂತೆ. ಅಪ್ಪ ಕನ್ನಡಕ ತಲೆ ಮೇಲಿಟ್ಕೊಂಡು, ಪಂಚೆ ಮೇಲೆ ಕಟ್ಕೊಂಡು, ಒಂದು ಕೈಯಲ್ಲಿ ಇಕ್ಕಳ. ರೊಟ್ಟೀನ ಹೆಂಚಿಂದ ತೆಗೆದು ಉರಿಗೆ ಹಿಡಿದ್ರು, ಒಂದು ಸಲ, ಅದು ಪೂರ್ತಿ ಚೆಂಡಾಯ್ತು. ತಟ್ಟೆಗೆ ಹಾಕಿದ್ರು. ತಟ್ಟೇಲಿ ಆಗ್ಲೇ ಐದು ಇತ್ತು. ಬರೀ ತಿರುಗಿಸಿದ್ದಲ್ಲ, ಮಿಕ್ಕಿದ್ದ ಹಿಟ್ಟನ್ನೂ ಲಟ್ಟಿಸಿ ಮುಗಿಸಿದಾರೆ. ಕೆಳಗೆ ಉರಿ ನಾನು ಇಡೋದ್ರಲ್ಲಿ ಅರ್ಧ ಇತ್ತು. ಉರಿ ಜಾಸ್ತಿ ಅಂತ ನಲವತ್ತು ದಿನ ಹೇಳಿದ್ದು ನಿಜವಾಗ್ಲೂ ಉರಿ ಜಾಸ್ತಿ ಅಂತಾನೇ.

ಅಪ್ಪಾ ನಿಮಗೆ ಬರುತ್ತಾ ಅಂದೆ.

"ನೀನು ಹುಟ್ಟಿದಾಗ ನಿಮ್ಮಮ್ಮ ತವರಿಗೆ ಹೋಗಿ ಐದು ತಿಂಗಳು ಬರ್ಲಿಲ್ಲ. ನಾನೇನು ಉಪವಾಸ ಇದ್ನಾ?"

ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂದೆ. ನೀನು ಕೇಳಿದ್ಯಾ ಅಂದ್ರು. ಆಮೇಲೆ ಇಕ್ಕಳ ಕೆಳಗಿಟ್ಟು ಸ್ವಲ್ಪ ಸಣ್ಣ ಧ್ವನೀಲಿ, "ಒಂದ್ಸಲ ಬರುತ್ತೆ ಅಂತ ಗೊತ್ತಾದ್ರೆ ಆಮೇಲೆ ದಿನಾ ಮಾಡ್ಬೇಕಾಗುತ್ತಲ್ಲ" ಅಂದ್ರು.

ನಿವೃತ್ತ ಸುಬೇದಾರ್ · ಆಗಸ್ಟ್ 9, ರಾತ್ರಿ

ನಿಮ್ಮ ತಂದೆಯವರಿಗೆ ನನ್ನ ಸಲ್ಯೂಟ್ ತಿಳಿಸಿ. 33 ವರ್ಷ ಪೊಸಿಷನ್ ಬಿಟ್ಟುಕೊಟ್ಟಿಲ್ಲ.

ಮುದ್ದೆಸೊಸೆ · ಆಗಸ್ಟ್ 9, ರಾತ್ರಿ

ನಮ್ಮ ಮಾವನ್ನೂ ಒಂದ್ಸಲ ಅಡುಗೆಮನೇಲಿ ಒಬ್ಬರನ್ನೇ ಬಿಟ್ಟು ನೋಡ್ಬೇಕು, ಅನುಮಾನ ಬಂತು ಈಗ.

ಗೋಣಿಕೊಪ್ಪ ಅಕ್ಕ · ಆಗಸ್ಟ್ 10, ಬೆಳಿಗ್ಗೆ

ಓದಿ ಓದಿ ನಗ್ತಾ ಇದೀನಿ. ಈಗ ಅಡುಗೆ ಯಾರು ಮಾಡೋದು ಹಾಗಾದ್ರೆ?

ಒಲೆಮುಂದೆ · ಆಗಸ್ಟ್ 10, ಬೆಳಿಗ್ಗೆ

ರೊಟ್ಟಿ ಅಪ್ಪಂದು, ಮಿಕ್ಕಿದ್ದು ನಂದು. ಕಡಂಬುಟ್ಟು ಹಬೆಗಿಟ್ಟಾಗ ಅಪ್ಪ ಪಾತ್ರೆ ಮುಂದೆ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾರೆ, ನಾನು ಮುಚ್ಚಳ ಮುಟ್ಟದ ಹಾಗೆ ಕಾವಲು. ಒಂದೇ ಕಂಡೀಷನ್ ಹಾಕಿದಾರೆ, ಅಮ್ಮಂಗೆ ಹೇಳ್ಬಾರ್ದು.

ಗೋಣಿಕೊಪ್ಪ ಅಕ್ಕ · ಆಗಸ್ಟ್ 10, ಬೆಳಿಗ್ಗೆ

ಅಮ್ಮ ಇದೆಲ್ಲ ಓದಲ್ಲ ತಾನೆ?

ಒಲೆಮುಂದೆ · ಆಗಸ್ಟ್ 10, ಬೆಳಿಗ್ಗೆ

ಅಯ್ಯೋ. ಮೈಸೂರಿಗೆ ಹೋಗೋ ಮುಂಚೆ ಅಮ್ಮಂಗೆ ಬೇಜಾರಾಗ್ದೇ ಇರ್ಲಿ ಅಂತ ಅಕ್ಷರ ದೊಡ್ಡದು ಮಾಡಿ ಇದನ್ನ ಫೋನಿಗೆ ಹಾಕಿಕೊಟ್ಟಿದ್ದೇ ನಾನು.

ಬಾಣಂತನ · ಆಗಸ್ಟ್ 10, ಮಧ್ಯಾಹ್ನ

ನಿಮ್ಮಪ್ಪಂಗೆ ಫೋನ್ ಕೊಡು.